ನೀವು ಶೇಕಡಾ ಎಷ್ಟು ನರಳಿದಿರಿ?

ವಿಯೆಟ್ನಾಂ ಕಾಡಿನ ಮೇಲೆ ‘ಏಜೆಂಟ್ ಆರೆಂಜ್’ ಎಂಬ ಕಳೆನಾಶಕ ಸುರಿದದ್ದು ಅಮೆರಿಕ. ಅಲ್ಲಿ ಕಾದಾಡಿ ಬಂದ ತನ್ನ ಸೈನಿಕನಿಗೆ ಮುಂದೆ ಕ್ಯಾನ್ಸರೋ ಸಕ್ಕರೆ ಕಾಯಿಲೆಯೋ ಬಂದರೆ, ‘ವಿಷ ತಗುಲಿದ್ದಕ್ಕೆ ಸಾಕ್ಷಿ ಎಲ್ಲಿ?’ ಎನ್ನದೆ ಪರಿಹಾರ ಕೊಡುವುದೂ ಅದೇ ಅಮೆರಿಕ. ಹಳೆ ಸೈನಿಕರು ವರ್ಷಗಟ್ಟಲೆ ಗುದ್ದಾಡಿದ ಮೇಲೆ 1991ರಲ್ಲಿ ಕಾನೂನು ಬಂತು. 2022ರಲ್ಲಿ ಅಧಿಕ ರಕ್ತದೊತ್ತಡವೂ ಪಟ್ಟಿ ಸೇರಿತು. ಆ ಕಾಡಿನಲ್ಲೇ ಹುಟ್ಟಿದ ವಿಯೆಟ್ನಾಮಿನವನಿಗೆ ಮಾತ್ರ ಪಟ್ಟಿಯಲ್ಲಿ ಜಾಗವಿಲ್ಲ. ವಿಷ ಬೀಳುವಾಗ ಅವನ ಅಂಗಿ ಬೇರೆಯಿತ್ತು.

ಈ ನ್ಯಾಯ ರಾಯದುರ್ಗ, ಮಡಕಶಿರದ ನಮಗೆ ಬೇಗ ತಿಳಿಯುತ್ತದೆ. 1953ರಲ್ಲಿ ರಾಯದುರ್ಗವನ್ನು ಬಳ್ಳಾರಿಯಿಂದ ಕಿತ್ತು ಆಂಧ್ರಕ್ಕೆ ಕೊಟ್ಟರು. ಮಡಕಶಿರದ ಸುತ್ತ ಬಹುಪಾಲು ಕರ್ನಾಟಕವೇ ಇದ್ದರೂ ಊರು ಆಂಧ್ರದ್ದು. ಗೆರೆಯ ಯಾವ ಬದಿಗೆ ಹುಟ್ಟಿದೆವು ಎಂಬುದೇ ನಮ್ಮ ಜಾತಕ. 1956ರಲ್ಲಿ ಕೇರಳದ ಪಾಲಾದ ಕಾಸರಗೋಡಿನ ಕನ್ನಡಿಗರದೂ ಅದೇ ಜಾತಕ.

ಅವರು ಯಾವ ಯುದ್ಧಕ್ಕೂ ಹೋಗಲಿಲ್ಲ. ಹೆಲಿಕಾಪ್ಟರೇ ಮನೆ ಮೇಲೆ ಬಂತು. ಗೇರುತೋಟದ ‘ಟೀ ಸೊಳ್ಳೆ’ ಎಂಬ ಕೀಟ ಕೊಲ್ಲಲು ಕೇರಳದ ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಷನ್ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಕಾಸರಗೋಡಿನ ಎಣ್ಮಕಜೆಯ ಪಡ್ರೆಯಲ್ಲಿ ತೋಡಿಗೂ ಬಿತ್ತು, ಅಂಗಳಕ್ಕೂ ಬಿತ್ತು. ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಈ ವಿಷದಿಂದ ಜನ ನರಳುವುದನ್ನು ಬರೆದೂ ಬರೆದೂ ಸವೆದರು. ಸಮಿತಿಗಳು ಬಂದವು, ಊಟ ಮಾಡಿದವು, ಹೋದವು.

ಸಾಬೀತುಪಡಿಸುವ ಹೊಣೆ ನರಳುವವರದೇ. ವೈದ್ಯಕೀಯ ಶಿಬಿರಕ್ಕೆ ಬನ್ನಿ, ಪಟ್ಟಿ ಸೇರಿ. ಗಡಿಯಾಚೆ ಅದೇ ವಿಷ ಬಿದ್ದ ದಕ್ಷಿಣ ಕನ್ನಡದ ಕೊಕ್ಕಡದವರಾದರೆ ಬೇರೆ ಸರ್ಕಾರ, ಬೇರೆ ಅರ್ಜಿ. ಅಂಗವೈಕಲ್ಯ ಶೇಕಡಾ ಎಷ್ಟೆಂದು ಅಳೆದು ಮಾಸಾಶನ. ಮಗುವನ್ನು ಎತ್ತಿಕೊಂಡು ಬಂದ ತಾಯಿ ಮೊದಲು ಗಣಿತ ಕಲಿಯಬೇಕು. ವಿಷವನ್ನು ಮಾತ್ರ ಯಾರೂ ಕಟಕಟೆ ಹತ್ತಿಸಿ ಹೀಗೆ ಅಳೆಯಲಿಲ್ಲ. 2011ರಲ್ಲಿ ಜಗತ್ತು ಅದನ್ನು ಬೇಡವೆಂದಾಗ ಜಿನೀವಾದಲ್ಲಿ ಅದರ ಪರ ವಕಾಲತ್ತು ವಹಿಸಿದ್ದು ನಮ್ಮ ಕೇಂದ್ರ ಸರ್ಕಾರ. ಕೊನೆಗೆ ಒಪ್ಪಿದ್ದೂ ವಿನಾಯಿತಿ ಪಡೆದೇ.

2017ರ ಜನವರಿ 10ರಂದು ಸುಪ್ರೀಂ ಕೋರ್ಟು ಕೇರಳ ಸರ್ಕಾರಕ್ಕೆ, ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. ತಿರುವನಂತಪುರದ ಪಂಚಾಂಗದಲ್ಲಿ ತಿಂಗಳುಗಳು ಬಲು ಉದ್ದ. 2022ರ ಮೇನಲ್ಲಿ ಕೋರ್ಟು ಲೆಕ್ಕ ಕೇಳಿದಾಗ 3,704 ಜನರಲ್ಲಿ ಹಣ ಮುಟ್ಟಿದ್ದು ಎಂಟು ಮಂದಿಗೆ, ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರಿಗೆ. ಪಟ್ಟಿಯಲ್ಲಿ ಹಾಸಿಗೆ ಹಿಡಿದವರೇ 102 ಮಂದಿ. ದಿಲ್ಲಿಗೆ ಎದ್ದು ಹೋಗದಿದ್ದುದು ಅವರ ಸೋಮಾರಿತನ, ಮತ್ತೇನು!

ನಮ್ಮ ಶೇಂಗಾ ಹೊಲಗಳಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವ ಅಣ್ಣಂದಿರೇ, ಅಂಗಡಿ ರಸೀದಿ, ಆಸ್ಪತ್ರೆ ಚೀಟಿ ಒಂದನ್ನೂ ಎಸೆಯಬೇಡಿ. ನಾಳೆ ಕೇಳುತ್ತಾರೆ.