ಗಾಜು ಏರಿಸಿದ ಮರ್ಯಾದೆ

ಏಪ್ರಿಲ್ ಬಂತೆಂದರೆ ಕಲಬುರಗಿ ಕಡೆ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಗ್ಗೆ 8ಕ್ಕೆ ತೆರೆದ ಬಾಗಿಲು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ಯಾರ ಅರ್ಜಿಗೂ ಸುಲಭಕ್ಕೆ ಜಗ್ಗದ ಸರ್ಕಾರ, ಬಿಸಿಲಿನ ಅರ್ಜಿಯನ್ನು ಮಾತ್ರ ತಪ್ಪದೆ ಮಂಜೂರು ಮಾಡುತ್ತದೆ. ಮೇ ತಿಂಗಳಲ್ಲಿ ಪಾದರಸ 42 ದಾಟಿದರೆ ನಮ್ಮಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ದಾಟದಿದ್ದರೆ, "ಈ ಸಲ ಮಳಿ ಹೆಂಗಾಗ್ತದೋ ಏನೋ" ಎಂದು ಹಿರಿಯರು ಚಿಂತೆಗೆ ಬೀಳುತ್ತಾರೆ.

ಇಂಥ ಊರಿನಲ್ಲಿ ನಾನು ಏಳು ಸೀಟಿನ ದೊಡ್ಡ ಗಾಡಿಯೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಮೊದಲಿನ ಮಾಲೀಕರು ರಸ್ತೆ ಕಂಟ್ರಾಕ್ಟರ್. ತಾವು ಮಾಡಿಸಿದ ರಸ್ತೆಗಳ ಮೇಲೆ ಓಡಾಡಲು ಅವರಿಗೆ ಅಷ್ಟು ಎತ್ತರದ ಗಾಡಿಯೇ ಬೇಕಾಗಿತ್ತಂತೆ. ಗಾಡಿ ಮನೆಗೆ ಬಂದ ಮೇಲೆ ನನಗೊಂದು ಸತ್ಯ ಗೊತ್ತಾಯಿತು: ದೊಡ್ಡ ಗಾಡಿಯ ಮರ್ಯಾದೆಯೆಲ್ಲ ಏರಿಸಿದ ಗಾಜಿನಲ್ಲಿದೆ. ಗಾಜು ಏರಿಸಿಕೊಂಡು ಹೋಗುವವನನ್ನು ಊರು ದೂರದಿಂದ ನೋಡಿ, "ಯಾರೋ ದೊಡ್ಡ ಮಂದಿ" ಎನ್ನುತ್ತದೆ. ಅದೇ ಗಾಜು ಇಳಿದರೆ ಅದೇ ಊರು ಕಿಟಕಿಯೊಳಗೆ ತಲೆ ಹಾಕಿ, "ಸರ, ಹಂಗೇ ರಿಂಗ್ ರೋಡ್ ತನಕ ಬಿಡ್ರಿ" ಎನ್ನುತ್ತದೆ. ಕೈಗಡ ಕೊಟ್ಟವರು, ಹಳೇ ಚೀಟಿಯವರು, ಮಗಳಿಗೆ ವರ ಹುಡುಕುತ್ತಿರುವವರು ಎಲ್ಲರಿಗೂ ನೀವು ಸಿಗುತ್ತೀರಿ.

ಹೀಗಿರುವಾಗ ಗಾಡಿಯ ಎಸಿ ಕೈಕೊಡತೊಡಗಿತು. ಒಮ್ಮೆಲೇ ಕೆಟ್ಟಿದ್ದರೆ ಒಪ್ಪಿಕೊಳ್ಳಬಹುದಿತ್ತು. ಇದರ ಆಟವೇ ಬೇರೆ. ಹೈವೇಯಲ್ಲಿ ಹೋಗುವಾಗ ತಣ್ಣಗಿನ ಗಾಳಿ, ಊರೊಳಗೆ ಸಿಗ್ನಲ್ಲಿಗೆ ನಿಂತ ತಕ್ಷಣ ಹಿಟ್ಟಿನ ಗಿರಣಿಯ ಸೆಕೆ. ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ಎಂಜಿನ್ ಜೋರಾಗಿ ಓಡಿದಾಗ ಸವೆದ ಕಂಪ್ರೆಸರೂ ಹೇಗೋ ದಕ್ಕಿಸಿಕೊಳ್ಳುತ್ತದೆ, ಗಾಡಿ ನಿಂತಾಗ ಅದರ ಬಂಡವಾಳ ಬಯಲಾಗುತ್ತದೆ. ಆದ್ದರಿಂದ ಮದುವೆಗಳಿಗೆ ಹೋಗುವಾಗ ಹಾದಿಯುದ್ದಕ್ಕೂ ಗಾಜು ಇಳಿಸಿಕೊಂಡೇ ಹೋಗುತ್ತಿದ್ದೆವು, ಕಲ್ಯಾಣ ಮಂಟಪದ ಕಮಾನು ಕಂಡ ಕೂಡಲೇ ಹೆಂಡತಿ "ಏರಸ್ರಿ, ಏರಸ್ರಿ" ಎಂದು ಅಪ್ಪಣೆ ಕೊಡುತ್ತಿದ್ದಳು. ನಾಲ್ಕೂ ಗಾಜು ಮೇಲೇರುತ್ತಿದ್ದವು. ಒಳಗೆ ನಾವು ಏಳು ಜನ ಬೆವರಿನಲ್ಲಿ ಅದ್ದಿಹೋಗಿ, ಮುಖದಲ್ಲಿ ಕಾಶ್ಮೀರದಿಂದ ಬಂದ ಕಳೆ ತಂದುಕೊಂಡು ಇಳಿಯುತ್ತಿದ್ದೆವು. ನಮ್ಮ ಅವ್ವ ಮಾತ್ರ ಇಳಿಯುವಾಗ ಎಲ್ಲರಿಗೂ ಕೇಳುವ ಹಾಗೆ, "ಇದಕ್ಕ ಇಷ್ಟು ರೊಕ್ಕ ಯಾಕ ಹಾಕ್ಬೇಕಿತ್ತೋ, ಮಾಳಗಿ ಮ್ಯಾಲ ಕುಂತಿದ್ರ ಸಾಕಿತ್ತು" ಎಂದು ಎಲ್ಲವನ್ನೂ ಬಯಲು ಮಾಡುತ್ತಿದ್ದಳು.

ಇನ್ನು ರೋಗನಿದಾನ. ಎಸಿ ವಿಷಯದಲ್ಲಿ ನಮ್ಮ ದೇಶದಲ್ಲಿ ಎಲ್ಲರಿಗೂ ಗೊತ್ತಿರುವುದು ಒಂದೇ ರೋಗ: "ಗ್ಯಾಸ್ ಕಮ್ಮಿ ಆಗ್ಯಾದ." ಪೆಟ್ರೋಲ್ ಬಂಕಿನ ಹುಡುಗ ಹೇಳಿದ್ದೂ ಅದೇ, ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಹೇಳಿದ್ದೂ ಅದೇ. ಡ್ಯಾಶ್‌ಬೋರ್ಡಿನ ಡಬ್ಬಿ ತಡಕಿದರೆ ಕಂಟ್ರಾಕ್ಟರರ ಕಾಲದ ರಸೀದಿಗಳು ಸಿಕ್ಕವು. ಪ್ರತಿ ಯುಗಾದಿಯ ಸುತ್ತಮುತ್ತ ಒಂದೊಂದು: ಗ್ಯಾಸ್ ಚಾರ್ಜಿಂಗ್. ಬೇವು ಬೆಲ್ಲದಷ್ಟೇ ನಿಷ್ಠೆಯಿಂದ ಗ್ಯಾಸ್ ತುಂಬಿಸಿದ್ದರು.

ಅಡುಗೆ ಮನೆಯ ಸಿಲಿಂಡರಿನಿಂದ ಬಂದ ತಪ್ಪು ತಿಳಿವಳಿಕೆ ಇದು. ಅಲ್ಲಿ ಗ್ಯಾಸು ಉರಿದು ಮುಗಿಯುತ್ತದೆ. ಗಾಡಿಯ ಎಸಿಯಲ್ಲಿ ಯಾವುದೂ ಉರಿಯುವುದಿಲ್ಲ. ನನ್ನ ಗಾಡಿಯಲ್ಲಿರುವುದು ಆರ್-134ಎ. ಬಯಲಿಗೆ ಬಿಟ್ಟರೆ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದು ಆವಿಯಾಗುವ ಪದಾರ್ಥ. ಕಂಪ್ರೆಸರ್ ಅದನ್ನು ಹಿಂಡಿ ಬಿಸಿ ಮಾಡುತ್ತದೆ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ತನ್ನ ಬಿಸಿಯನ್ನು ಹೊರಗೆ ಚೆಲ್ಲಿ ದ್ರವವಾಗುತ್ತದೆ, ಎಕ್ಸ್‌ಪಾನ್ಷನ್ ವಾಲ್ವ್ ದಾಟಿ ಕೂಲಿಂಗ್ ಕಾಯಿಲಿನಲ್ಲಿ ಮತ್ತೆ ಆವಿಯಾಗುತ್ತ ನಮ್ಮ ಸೆಕೆಯನ್ನು ಹೀರಿಕೊಂಡು ಕಂಪ್ರೆಸರಿಗೆ ಮರಳುತ್ತದೆ. ಸುತ್ತಿ ಸುತ್ತಿ ಅದೇ ಗ್ಯಾಸು. ವರ್ಷಗಟ್ಟಲೆಯಲ್ಲಿ ತುಸು ಇಂಗಬಹುದು. ವರ್ಷಕ್ಕೊಮ್ಮೆ ಖಾಲಿಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಇನ್ನೊಂದು ಸಂಗತಿ: ಕಂಪ್ರೆಸರಿಗೆ ಬೇಕಾದ ಎಣ್ಣೆಯನ್ನು ಹೊತ್ತು ತಿರುಗುವುದೂ ಈ ಗ್ಯಾಸೇ. ಗ್ಯಾಸಿನ ಜೊತೆ ಎಣ್ಣೆಯೂ ಸೋರಿಹೋಗಿ, ಪ್ರತಿ ಯುಗಾದಿಗೂ ಬರೀ ಗ್ಯಾಸನ್ನೇ ತುಂಬಿಸಿದರೆ ಒಳಗಿನ ಪಿಸ್ಟನ್ನುಗಳಿಗೆ ನಿತ್ಯ ನಿರ್ಜಲ ಏಕಾದಶಿ.

ಹೆಂಡತಿಯ ತಮ್ಮ ಇಂಥ ಸಂದರ್ಭಗಳಿಗೆಂದೇ ಹುಟ್ಟಿದವನು. "ಮಾಮಾ, ಎಸಿ ಹಾಕ್ಲೇಬ್ಯಾಡ್ರಿ. ರೊಕ್ಕ ಉಳೀತು" ಎಂದ. ಕೇಳಲು ಚೆನ್ನಾಗಿದೆ. ಆದರೆ ಎಸಿ ಬಟನ್ ಒತ್ತದಿದ್ದರೂ ಕಂಪ್ರೆಸರಿನ ಪುಲ್ಲಿ ಬೆಲ್ಟಿನ ಜೊತೆ ತಿರುಗುತ್ತಲೇ ಇರುತ್ತದೆ. ಬಟನ್ ಒತ್ತಿದಾಗ ಅಯಸ್ಕಾಂತದ ಕ್ಲಚ್ಚು 'ಟಕ್' ಎಂದು ಕೂಡಿಕೊಂಡು ಒಳಗಿನ ಯಂತ್ರವನ್ನೂ ತಿರುಗಿಸುತ್ತದೆ, ಅಷ್ಟೇ ವ್ಯತ್ಯಾಸ. ನನ್ನ ಗಾಡಿಯ ಪುಲ್ಲಿಯ ಬೇರಿಂಗು ಆಗಲೇ ಕಿರ್‍ರೆನ್ನುತ್ತಿತ್ತು. ಅದೇ ಬೆಲ್ಟಿನ ಮೇಲೆ ಆಲ್ಟರ್ನೇಟರೂ ಇದೆ. ಬೇರಿಂಗ್ ಜಾಮಾಗಿ ಬೆಲ್ಟ್ ಹರಿದರೆ ಎಸಿಯಿಲ್ಲದ ಗಾಡಿಯಷ್ಟೇ ಅಲ್ಲ, ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಓಡುವ ಗಾಡಿ. "ಹಂಗಾರ ಬೆಲ್ಟನ್ನೇ ತಗದ್ ಒಗೀರಿ" ಎಂದ ಭೂಪ. ಅವನಿಗೆ ಗೊತ್ತಿಲ್ಲದೆಯೇ ಅವನು ಇತಿಹಾಸ ಓದಿದವರ ಹಾಗೆ ಮಾತಾಡಿದ್ದ. ಅಮೆರಿಕದ ಪ್ಯಾಕರ್ಡ್ ಕಂಪನಿ 1940ರ ಮಾದರಿಯ ಕಾರುಗಳಿಗೆ ಮೊದಲ ಬಾರಿ ಎಸಿ ಹಾಕಿಕೊಟ್ಟಾಗ ಅದಕ್ಕೆ ಕ್ಲಚ್ಚೇ ಇರಲಿಲ್ಲ. ಎಸಿ ಬೇಡವೆಂದರೆ ಎಂಜಿನ್ ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ ಬೆಲ್ಟ್ ಬಿಚ್ಚಬೇಕಿತ್ತು. ಡಿಕ್ಕಿಯ ಅರ್ಧ ಜಾಗವನ್ನು ಎಸಿಯೇ ನುಂಗಿತ್ತಂತೆ. ನನ್ನ ಮೈದುನನನ್ನು ಅಲ್ಲಿ ಸಲಹೆಗಾರನಾಗಿ ತೆಗೆದುಕೊಳ್ಳುತ್ತಿದ್ದರು.

ಕೊನೆಗೆ ಹೋದದ್ದು ಎಸಿ ರಿಪೇರಿ ಮಾಡುವ ಉಸ್ತಾದರ ಬಳಿ. ಬೇವಿನ ಮರದ ಕೆಳಗೆ ಶೆಡ್ಡು, ಗೋಡೆಗೆ ತೂಗುಹಾಕಿದ ಗೇಜು, ಕೆಂಪು ನೀಲಿ ಪೈಪು. ಅವರು ಏನನ್ನೂ ಕೇಳಲಿಲ್ಲ. ಬಾನೆಟ್ ಎತ್ತಿ ಕಂಪ್ರೆಸರಿನ ಬುಡಕ್ಕೆ ಬೆರಳಾಡಿಸಿ ತೋರಿಸಿದರು. ಧೂಳು ಎಣ್ಣೆ ಕಲೆತ ಕಪ್ಪು ಜಿಗುಟು. ಶಾಫ್ಟಿನ ಸೀಲು ಸೋರುತ್ತಿತ್ತು. ಆಮೇಲೆ ಗ್ಯಾಸನ್ನು ಮಷಿನ್ನಿಗೆ ಎಳೆದುಕೊಂಡು, ಕಂಪ್ರೆಸರ್ ಇಳಿಸಿ, ಅದರ ಬಾಯನ್ನು ಬಿಳಿ ತಟ್ಟೆಯ ಮೇಲೆ ಬಗ್ಗಿಸಿದರು. ಬಂದದ್ದು ನಾಲ್ಕು ಹನಿ ಎಣ್ಣೆ. ಬೂದು ಬಣ್ಣ. ತಟ್ಟೆಯನ್ನು ಬಿಸಿಲಿಗೆ ಓರೆ ಮಾಡಿದಾಗ ಅದರೊಳಗೆ ಸಣ್ಣ ಸಣ್ಣ ಮಿಂಚು.

"ಏನ್ರೀ, ಜರಿ ಇದ್ದಂಗದಲ್ಲ!" ಎಂದಳು ಹೆಂಡತಿ ಮೆಚ್ಚುಗೆಯಿಂದ.

"ಜರೀ ಅದರೀ ಅಕ್ಕಾರ, ಕಂಪ್ರೆಸರ್‌ದ್ದು. ಈಗ ಪೂರಾ ಲೈನಿನಾಗ ಹೊಕ್ಕದ" ಎಂದರು ಉಸ್ತಾದ್.

ದೊಡ್ಡ ಗಾಡಿಯ ದೊಡ್ಡಸ್ತಿಕೆ ಏನೆಂದು ನನಗೆ ಅಲ್ಲಿ ತಿಳಿಯಿತು. ಸಣ್ಣ ಕಾರಿನಲ್ಲಿ ಪೈಪುಗಳು ಬಾನೆಟ್ಟಿನಿಂದ ಡ್ಯಾಶ್‌ಬೋರ್ಡಿಗೆ ಬಂದು ಮುಗಿಯುತ್ತವೆ. ನನ್ನದರಲ್ಲಿ ಹಿಂದಿನ ಸೀಟಿನವರಿಗೆ ಬೇರೆಯೇ ಕೂಲಿಂಗ್ ಕಾಯಿಲು, ಬೇರೆಯೇ ವಾಲ್ವು. ಅಲ್ಲಿಗೆ ಗಾಡಿಯ ಹೊಟ್ಟೆಯ ಕೆಳಗೆ ಉದ್ದಕ್ಕೆ ಪೈಪು. ಲೋಹದ ಪುಡಿ ಅಲ್ಲಿಗೂ ಯಾತ್ರೆ ಹೋಗಿತ್ತು. ಪೈಪು, ಕಾಯಿಲುಗಳನ್ನು ಫ್ಲಶ್ ಮಾಡಬಹುದು. ತೇವ ಹೀರುವ ಡ್ರೈಯರ್ ಮಾತ್ರ ಹೊಸದೇ ಬೇಕು. ಕೂದಲೆಳೆಯಂಥ ಓಣಿಗಳಿರುವ ಈಗಿನ ಕಂಡೆನ್ಸರಿನಿಂದ ಪುಡಿಯನ್ನು ಪೂರ್ತಿ ತೆಗೆಯಲಾಗದು, ಅದನ್ನೂ ಬದಲಿಸಬೇಕು. ವಾಲ್ವುಗಳು, ಓ-ರಿಂಗುಗಳಂತೂ ಹೊಸವೇ ಆಗಬೇಕು. ಇದನ್ನೆಲ್ಲ ಬಿಟ್ಟು ಕಂಪ್ರೆಸರ್ ಒಂದನ್ನೇ ಹಾಕಿದರೆ ಹಳೆಯದರ ಜರಿ ಹೊಸದನ್ನು ತಿನ್ನುತ್ತದೆ. ಉಸ್ತಾದರು ಪಟ್ಟಿ ಬರೆಯುತ್ತ ಹೋದಂತೆ ಮೈದುನ ಚಹಾ ಕುಡಿಯುವ ನೆಪ ಮಾಡಿ ಎದ್ದುಹೋದ.

ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬರಬೇಕಾಯಿತು. ರೀಕಂಡೀಷನ್, ಡ್ಯೂಪ್ಲಿಕೇಟ್, ಒರಿಜಿನಲ್ ಎಂದು ಮೂರು ದರ. ಒರಿಜಿನಲ್ಲಿನ ದರ ಕೇಳಿ, ನನ್ನ ಮೊದಲ ಸ್ಕೂಟರಿನ ಬೆಲೆ ಎಷ್ಟಿತ್ತೆಂದು ನೆನಪಿಸಿಕೊಳ್ಳಬಾರದಿತ್ತು ಅನ್ನಿಸಿತು. ಆದರೂ ಅದನ್ನೇ ತರಿಸಿದೆ. ಇಷ್ಟೆಲ್ಲ ಬಿಚ್ಚಿದ ಮೇಲೆ ಅಲ್ಲಿ ಉಳಿತಾಯ ಮಾಡುವುದು ಜಿಪುಣತನವೂ ಅಲ್ಲ, ಬರೀ ಹಟ.

ಜೋಡಿಸುವ ದಿನ ನೋಡಬೇಕಾದದ್ದು ಉಸ್ತಾದರ ಕೈ. ಎಣ್ಣೆಯನ್ನು ಅಳತೆ ಮಾಡಿ ಹಾಕಿದರು. ಈ ಎಣ್ಣೆ ಗಾಳಿಯ ತೇವವನ್ನು ಕುಡಿಯುತ್ತದೆಂದು ಡಬ್ಬಿಯ ಮುಚ್ಚಳ ತೆರೆದಿಡಲು ಹುಡುಗನಿಗೆ ಬಿಡಲಿಲ್ಲ. ಎಂಜಿನ್ ಚಾಲೂ ಮಾಡುವ ಮೊದಲು ಕಂಪ್ರೆಸರಿನ ಮುಂಭಾಗವನ್ನು ಕೈಯಿಂದಲೇ ನಿಧಾನ ತಿರುಗಿಸಿದರು. ಒಳಗೆ ನಿಂತ ಎಣ್ಣೆ ಒಮ್ಮೆಲೇ ಅಡ್ಡ ಬಂದರೆ ಹೊಸ ಕಂಪ್ರೆಸರಿಗೂ ಅಪಾಯ. ಆಮೇಲೆ ವ್ಯಾಕ್ಯೂಮ್ ಪಂಪು, ಮುಕ್ಕಾಲು ಗಂಟೆ. ಗಾಳಿಯನ್ನೆಲ್ಲ ಎಳೆದಾಗ ಒಳಗಿನ ತೇವ ಒಲೆಯಿಲ್ಲದೆಯೇ ಕುದಿದು ಆವಿಯಾಗಿ ಹೊರಬರುತ್ತದೆ. ಪಂಪು ನಿಲ್ಲಿಸಿ ಗೇಜಿನ ಮುಳ್ಳು ಕದಲುತ್ತದೆಯೇ ಎಂದು ಕಾದರು. ಕದಲಲಿಲ್ಲ. ಕೊನೆಗೆ ಗ್ಯಾಸು, ತಕ್ಕಡಿಯ ಮೇಲೆ ತೂಗಿ. ಸಣ್ಣ ಕಾರಿಗೆ ಅರ್ಧ ಕೆಜಿ ಆಸುಪಾಸು ಸಾಕಾಗುತ್ತದೆ, ಹಿಂದೆಯೂ ಎಸಿ ಇರುವ ದೊಡ್ಡ ಗಾಡಿಗೆ ಅದರ ಒಂದೂವರೆ ಪಟ್ಟಿಗೂ ಹೆಚ್ಚು ಬೇಕಾಗಬಹುದು. ಕರಾರುವಾಕ್ಕು ಲೆಕ್ಕ ಬಾನೆಟ್ಟಿನ ಕೆಳಗಿನ ಸ್ಟಿಕ್ಕರಿನಲ್ಲೇ ಇರುತ್ತದೆ. ಕಂಟ್ರಾಕ್ಟರರು ಅದರ ಮೇಲೆ ಮನೆದೇವರ ಫೋಟೋ ಅಂಟಿಸಿದ್ದರು. ಉಸ್ತಾದರು ಬಹಳ ಮರ್ಯಾದೆಯಿಂದ ದೇವರನ್ನು ಪಕ್ಕಕ್ಕೆ ಸರಿಸಿ ಗ್ರಾಮು ಓದಿಕೊಂಡರು.

ಈಗ ಗಾಡಿ ಸಿಗ್ನಲ್ಲಿನಲ್ಲಿಯೂ ತಣ್ಣಗಿದೆ. ಹಿಂದಿನ ಸಾಲಿನಲ್ಲಿ ಮಕ್ಕಳು ಗಾಳಿ ಯಾರ ಕಡೆಗೆ ಬರಬೇಕೆಂದು ಜಗಳವಾಡುತ್ತಾರೆ. ಅವ್ವ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಕೂರುತ್ತಾಳೆ, ಬೈಗುಳ ಮಾತ್ರ ಹಿಂದಿನಷ್ಟೇ ಬಿಸಿ. ಮೈದುನ, ಇದೆಲ್ಲ ತನ್ನದೇ ಸಲಹೆ ಎಂದು ಬೀಗರ ಮನೆಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನೆ.

ಬೇಸಿಗೆಗೆ ಮುಂಚೆ ಓದುತ್ತಿರುವವರಲ್ಲಿ ನನ್ನದೊಂದು ವಿನಂತಿ. "ಗ್ಯಾಸ್ ಕಮ್ಮಿ ಆಗ್ಯಾದ" ಎಂದು ಯಾರಾದರೂ ಹೇಳಿದರೆ ಪಾಕೀಟಿಗೆ ಕೈ ಹಾಕುವ ಮುನ್ನ, "ಎಲ್ಲಿ ಸೋರ್‍ಲಿಕ್ಕತ್ತದ?" ಎಂದು ಒಂದು ಮಾತು ಕೇಳಿ. ಉತ್ತರ ಬಾರದಿದ್ದರೆ ಇನ್ನೊಂದು ಶೆಡ್ಡಿಗೆ ಹೋಗಿ. ಚಳಿಗಾಲದಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ, ಶಾಫ್ಟಿನ ಸೀಲಿಗೆ ಎಣ್ಣೆ ಮುಟ್ಟಲಿ.