ಡಿಸೋಜರ ಕೊಂಕು ಗೆರೆ
ಜಾವಾಗೆ ಜೋಡಿ ಕೋಟ್ ಬೇಕು, ಎಸ್‌ಕ್ಯೂಎಲ್‌ಗೆ ಒಂಟಿ ಕೋಟ್. ನಡುವೆ ಪ್ಲಸ್ ಹಾಕಿ ಹೆಸರನ್ನು ಕ್ವೆರಿಗೆ ಹೊಲಿಯುವ ದರ್ಜಿ ನಾನು. ಒಂಟಿ, ಜೋಡಿ, ಪ್ಲಸ್, ಹೆಸರು, ಪ್ಲಸ್, ಜೋಡಿ, ಒಂಟಿ, ಜೋಡಿ: ಸಾಲು ಮುಗಿಯುವಷ್ಟರಲ್ಲಿ ಕನ್ನಡಕ ಮೂಗಿನ ತುದಿಗೆ ಬಂದಿರುತ್ತದೆ. ಅಂತೂ ಓಡಿತು ಅನ್ನುವಾಗ ಮಂಗಳೂರಿನ ಡಿಸೋಜರು ಬಂದರು. ಇಂಗ್ಲಿಷಿನಲ್ಲಿ ಅವರ ‘ಡಿ’ ಪಕ್ಕ ಒಂದು ಕೊಂಕು ಗೆರೆ ಇರುತ್ತದಲ್ಲ, ಅದನ್ನು ಒಂಟಿ ಕೋಟ್ ಎಂದು ಬಗೆದ ಡೇಟಾಬೇಸ್ ಹೆಸರು ಅಲ್ಲಿಗೇ ಮುಗಿಯಿತೆಂದುಕೊಂಡು, ‘ಈ ಸೋಜ ಯಾರಪ್ಪಾ?’ ಎಂದು ರಂಪ ಎಬ್ಬಿಸಿತು. ಪಾಪ, ಆ ಮನುಷ್ಯ ಸಾಲವನ್ನೇನೂ ಕೇಳಿರಲಿಲ್ಲ! ಗೆರೆಯನ್ನು ಎರಡು ಸಲ ಬರೆದರೆ ಒಂದೆಂದು ಓದಿಕೊಳ್ಳುತ್ತದೆ, ನಿಜ. ಆದರೆ ಎಷ್ಟು ಜನರಿಗೆಂದು ಬರೆಯುತ್ತೀರಿ? ಅದರ ಬದಲು ಜಾವಾದ ಪ್ರಿಪೇರ್ಡ್‌ಸ್ಟೇಟ್‌ಮೆಂಟ್ ಬಳಸಿ, ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಇಡಿ, ಹೆಸರನ್ನು ಸೆಟ್‌ಸ್ಟ್ರಿಂಗ್‌ಗೆ ಒಪ್ಪಿಸಿ. ಎಸ್‌ಕ್ಯೂಎಲ್ ಇಂಜೆಕ್ಷನ್ ಚುಚ್ಚಲು ಬಂದವರಿಗೂ ಅಲ್ಲಿ ಜಾಗ ಸಿಗುವುದಿಲ್ಲ.