ಮುಳುಗೋಕೂ ಮೀಟಿಂಗಿಗೂ ಒಂದೇ ಊರು

“ಅಂಕಲ್, ಸಮುದ್ರದ ತಳದಲ್ಲಿ ಇಂಟರ್‌ನೆಟ್ ಕೇಬಲ್ ಹಾಕಿರ್ತಾರಲ್ಲ, ಅದು ಎಷ್ಟು ದಪ್ಪ ಇರತ್ತೆ?”

ಪೂಜೆಗೆ ದಾಸವಾಳ ಕೀಳುತ್ತಿದ್ದೆ. ಪಕ್ಕದ ಮನೆಯ ಕಾಂಪೌಂಡಿನಿಂದ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಇಷ್ಟು ಆಳದವಲ್ಲ. ನೀರು ಬಂತಾ, ಗ್ಯಾಸಿನವನು ಬಂದಿದ್ದನಾ, ಅಷ್ಟೆ. ಆದರೆ ನಾನು ದೂರವಾಣಿ ಇಲಾಖೆಯಲ್ಲಿ ಸವೆದು ನಿವೃತ್ತನಾದವನು. ಕೇಬಲ್ ಎಂಬ ಮಾತು ಕಿವಿಗೆ ಬಿದ್ದರೆ ಹೂವಿನ ಬುಟ್ಟಿ ಕೆಳಗಿಟ್ಟೇ ಉತ್ತರ ಕೊಡಬೇಕು.

“ಆಳದಲ್ಲಿ ನೀವು ಗಿಡಕ್ಕೆ ನೀರು ಹಾಕೋ ಪೈಪಿನಷ್ಟೇ ಕಣಮ್ಮ. ದಡದ ಹತ್ತಿರ ಬಂದಾಗ ಮೇಲೆ ಉಕ್ಕಿನ ತಂತಿ ಸುತ್ತಿ ದಪ್ಪ ಮಾಡ್ತಾರೆ, ಮರಳಲ್ಲಿ ಹೂತೂ ಇಡ್ತಾರೆ. ಅದಕ್ಕೆ ದೊಡ್ಡ ಶತ್ರುಗಳು ಅಂದ್ರೆ ಮೀನಿನ ಬಲೆ, ಹಡಗಿನ ಲಂಗರು. ಯಾಕೆ, ಕತ್ತರಿಸೋ ಯೋಚನೆ ಏನಾದ್ರೂ ಇದೆಯಾ?”

ಅಂಥದ್ದೇನೂ ಇರಲಿಲ್ಲ. ಈ ಹುಡುಗಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಮೈಸೂರಿನ ತನ್ನ ಮನೆಯ ಮಹಡಿಯಿಂದಲೇ ದುಡಿಯುತ್ತಾಳೆ. ಗೆಳತಿಯರ ಜೊತೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗಿ ಒಂದು ಸಲ ಮುಳುಗಿ ಬಂದದ್ದೇ ನೆಪ, ಆಮೇಲೆ ಓಪನ್ ವಾಟರ್ ಎನ್ನುವ ಸರ್ಟಿಫಿಕೇಟೂ ಮಾಡಿಕೊಂಡಳು. ಅದು ಕೈಲಿದ್ದರೆ 18 ಮೀಟರ್ ಆಳದವರೆಗೆ ಇಳಿಯಬಹುದಂತೆ. ಈಗ ಅವಳಿಗೆ ಒಂದು ತಿಂಗಳ ಮಟ್ಟಿಗೆ ಒಂದು ಊರು ಬೇಕಾಗಿದೆ. ಬೆಳಿಗ್ಗೆ ಸ್ಕೂಬಾ, ಆಮೇಲೆ ಲ್ಯಾಪ್‌ಟಾಪು. ರಜೆ ಮಾತ್ರ ಒಂದು ದಿನವೂ ಹಾಕುವ ಹಾಗಿಲ್ಲ. ‘ರಜೆ ಹಾಕಿಯೇ ಹೋಗಮ್ಮ’ ಎನ್ನೋಣವೆಂದುಕೊಂಡವನು ಸುಮ್ಮನಾದೆ. ಗಳಿಕೆ ರಜೆಯನ್ನು ಜೀವಮಾನವಿಡೀ ಕೂಡಿಹಾಕಿ, ನಿವೃತ್ತಿಯ ದಿನ ನಗದು ಮಾಡಿಕೊಂಡು ಮನೆಗೆ ತಂದ ಪೀಳಿಗೆ ನಮ್ಮದು. ರಜೆಯ ಬಗ್ಗೆ ಬುದ್ಧಿ ಹೇಳುವ ಅರ್ಹತೆ ನಮಗಿಲ್ಲ.

ಅವಳು ಫೋನು ಚಾಚಿ ಒಂದು ಪಟ್ಟಿ ತೋರಿಸಿದಳು. ಬಾಲಿ, ಥಾಯ್ಲೆಂಡಿನ ಕೊ ತಾವೊ, ಈಜಿಪ್ಟಿನ ದಹಾಬ್, ಮಾಲ್ಡೀವ್ಸ್, ಅಂಡಮಾನ್, ಲಕ್ಷದ್ವೀಪ, ಕೊನೆಗೆ ನಮ್ಮ ಮುರುಡೇಶ್ವರ. ಪ್ರತಿಯೊಂದರ ಮುಂದೆ ಇಷ್ಟು ಎಂಬಿಪಿಎಸ್ ಅಂತ ಬರೆದಿತ್ತು. ಜಾತಕದಲ್ಲಿ ಗುಣ ಎಣಿಸುವವರೂ ಇಷ್ಟು ಶ್ರದ್ಧೆಯಿಂದ ಎಣಿಸಲಾರರು.

“ಆ ನಂಬರ್ ನೋಡಿ ಊರು ಆರಿಸಬೇಡ. ನಿನ್ನ ವಿಡಿಯೋ ಮೀಟಿಂಗಿಗೆ ನಾಲ್ಕೈದು ಎಂಬಿಪಿಎಸ್ ಸಾಕು. ನೂರು ಇದ್ದು ಮಧ್ಯಾಹ್ನ ಮೂರಕ್ಕೆ ಕರೆಂಟು ಹೋದ್ರೆ ಏನು ಮಾಡ್ತೀಯ? ಮೊದಲು ನೋಡಬೇಕಾದ್ದು ಅಲ್ಲಿಗೆ ನೆಟ್ಟು ಯಾವ ದಾರೀಲಿ ಬರತ್ತೆ ಅನ್ನೋದು.”

ಅಂಡಮಾನಿನ ಕಥೆಯನ್ನೇ ತೆಗೆದುಕೊಳ್ಳಿ. 2020ರವರೆಗೆ ಅಲ್ಲಿಗೆ ಉಪಗ್ರಹವೇ ಗತಿ. ನೆತ್ತಿಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಕೂತ ಉಪಗ್ರಹಕ್ಕೆ ಮಾತು ಹತ್ತಿ ಇಳಿದು, ಉತ್ತರ ಮತ್ತೆ ಹತ್ತಿ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಸೆಕೆಂಡು ಹಿಡಿಯುತ್ತದೆ. ಬೆಳಕಿನ ವೇಗಕ್ಕೇ ಅಷ್ಟು ಹೊತ್ತು ಬೇಕು, ಯಾವ ಇಂಜಿನಿಯರೂ ಅದನ್ನು ಕಡಿಮೆ ಮಾಡಲಾರ. ಆ ಅರ್ಧ ಸೆಕೆಂಡಿನ ಮೌನದಲ್ಲಿ, ಕೇಳಿಸಲಿಲ್ಲವೇನೋ ಎಂದುಕೊಂಡು ಇಬ್ಬರೂ ಒಟ್ಟಿಗೇ ಬಾಯಿ ತೆರೆಯುತ್ತಾರೆ. ಆಮೇಲೆ ಇಬ್ಬರೂ ‘ನೀವು ಹೇಳಿ, ನೀವು ಹೇಳಿ’. ಹಿಂದೆ ಟ್ರಂಕ್ ಕಾಲಿನಲ್ಲಿ ಅಮೆರಿಕದ ಮಗನ ಜೊತೆ ಮಾತಾಡಿದ ತಾಯಂದಿರಿಗೆ ಇದು ಗೊತ್ತು. 2020ರ ಆಗಸ್ಟಿನಲ್ಲಿ ಚೆನ್ನೈನಿಂದ ಪೋರ್ಟ್ ಬ್ಲೇರಿಗೆ, ಅಲ್ಲಿಂದ ಇನ್ನೂ ಏಳು ದ್ವೀಪಗಳಿಗೆ, ಒಟ್ಟು 2,300 ಕಿಲೋಮೀಟರ್ ಉದ್ದದ ಕೇಬಲ್ ಚಾಲೂ ಆಯಿತು. ಆ ಏಳರಲ್ಲಿ ಡೈವಿಂಗಿನವರು ಹೋಗುವ ಹ್ಯಾವ್‌ಲಾಕ್ ಕೂಡ ಒಂದು. 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ. ಪೋರ್ಟ್ ಬ್ಲೇರ್ ಸಹ ಈಗ ಶ್ರೀ ವಿಜಯಪುರಂ. ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಕೇಬಲ್ ಬಂದದ್ದು 2024ರ ಜನವರಿಯಲ್ಲಿ.

“ಹಾಗಾದ್ರೆ ನಾನು ಮುಳುಗೋ ಸಮುದ್ರದ ತಳದಲ್ಲೇ ನನ್ನ ಮೀಟಿಂಗೂ ಹೋಗ್ತಿರತ್ತೆ ಅನ್ನಿ.”

“ಹೋಗ್ತಿರತ್ತೆ. ಆದ್ರೆ ನೀನು ನೀರೊಳಗೆ ಇರೋವರೆಗೆ ನಿನ್ನ ಫೋನಿಗೆ ಮಾತ್ರ ಏನೂ ಬರಲ್ಲ. ಉಪ್ಪುನೀರಲ್ಲಿ ಮೊಬೈಲಿನ ರೇಡಿಯೋ ಅಲೆ ಒಂದು ಮೊಳಾನೂ ದಾಟಲ್ಲ.”

ಅವಳ ಮುಖ ಅರಳಿದ್ದನ್ನು ನೋಡಿದರೆ, ಈ ಹವ್ಯಾಸ ಹತ್ತಿದ್ದು ಮೀನು ನೋಡುವುದಕ್ಕಲ್ಲ ಎಂಬ ಗುಮಾನಿ ಬಂತು.

ಒಂದೇ ಕೇಬಲ್ಲನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಟೊಂಗಾ ಇದೆ. 2022ರ ಜನವರಿಯಲ್ಲಿ ಅಲ್ಲಿ ಕಡಲೊಳಗಿನ ಜ್ವಾಲಾಮುಖಿ ಸಿಡಿದು, ಹೊರಜಗತ್ತಿಗಿದ್ದ ಒಂದೇ ಕೇಬಲ್ ತುಂಡಾಯಿತು. ರಿಪೇರಿ ಹಡಗು ಬಂದು, ತುಂಡುಗಳನ್ನು ಮೇಲೆತ್ತಿ ಬೆಸೆಯುವಷ್ಟರಲ್ಲಿ ತಿಂಗಳೇ ಕಳೆದಿತ್ತು. ಅಲ್ಲಿ ತಿಮಿಂಗಿಲದ ಜೊತೆ ಈಜಲು ಜನ ಹೋಗುತ್ತಾರಂತೆ. ಹೋಗಲಿ, ರಜೆ ಹಾಕಿ ಹೋಗಲಿ.

ಇಷ್ಟು ಹೇಳಿ ನನ್ನ ವಿದ್ಯೆ ಮುಗಿಯಿತು. ಮುಂದಿನದು ಅವಳ ವಿದ್ಯೆ. ಅವಳು ಹೇಳುತ್ತಾ ಹೋದಂತೆ ನನಗೆ ಹೊಳೆದದ್ದು ಇಷ್ಟು: ಈ ವ್ಯವಹಾರದಲ್ಲಿ ವೇಗಕ್ಕಿಂತ ಗಡಿಯಾರ ಮುಖ್ಯ. ಡೈವಿಂಗಿನವರದು ಹಾಲಿನವನ ದಿನಚರಿ. ಬೆಳಿಗ್ಗೆ ಗಾಳಿ ಕಡಿಮೆ, ನೀರು ಶಾಂತ, ಹಾಗಾಗಿ ದೋಣಿ ಬೇಗ ಹೊರಟು, ಎರಡು ಡೈವ್ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ದಡಕ್ಕೆ ಬರುತ್ತದೆ. ಅವಳ ಆಫೀಸು ಒಂಬತ್ತೂವರೆಗೆ. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯದಿರಬೇಕಾದರೆ ಊರಿನ ಗಡಿಯಾರವೇ ಬೇರೆ ಇರಬೇಕು.

ನಮಗೆ ಒಂಬತ್ತೂವರೆಯಾದಾಗ ಬಾಲಿಯಲ್ಲಿ ಮಧ್ಯಾಹ್ನ ಹನ್ನೆರಡು. ಕೊ ತಾವೊದಲ್ಲಿ ಹನ್ನೊಂದು. ಅಂದರೆ ಪೂರ್ವಕ್ಕೆ ಹೋದಷ್ಟೂ ಬೆಳಿಗ್ಗೆ ಉದ್ದವಾಗುತ್ತದೆ. ಬಾಲಿಯಲ್ಲಿ ಎರಡು ಡೈವ್ ಮಾಡಿ, ಸ್ನಾನ ಮಾಡಿ, ಊಟವನ್ನೂ ಮಾಡಿ, ‘ಗುಡ್ ಮಾರ್ನಿಂಗ್ ಟೀಮ್’ ಎನ್ನಬಹುದು. ಆಕಳಿಕೆ ಮಾತ್ರ ತಡೆದುಕೊಳ್ಳಬೇಕು.

ಅದೂ ಅಲ್ಲಿಯ ತುಲಾಂಬೆನ್ ಎಂಬ ಹಳ್ಳಿಯಾದರೆ ದೋಣಿಯ ಹಂಗೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ, 1942ರ ಜನವರಿಯಲ್ಲಿ, ಲಿಬರ್ಟಿ ಎಂಬ ಅಮೆರಿಕದ ಸರಕು ಹಡಗಿಗೆ ಜಪಾನಿನ ಸಬ್‌ಮರೀನು ಟಾರ್ಪಿಡೊ ಹೊಡೆಯಿತು. ಎಳೆದು ತಂದು ಈ ಹಳ್ಳಿಯ ದಂಡೆಗೆ ಹತ್ತಿಸಿದರು. ಇಪ್ಪತ್ತು ವರ್ಷ ಅದು ಬಿಸಿಲಲ್ಲೇ ಬಿದ್ದಿತ್ತು. 1963ರಲ್ಲಿ ಅಗುಂಗ್ ಪರ್ವತ ಬೆಂಕಿ ಕಾರಿದಾಗ ನೆಲ ನಡುಗಿ ಹಡಗು ನೀರಿಗೆ ಜಾರಿತು. ಈಗ ದಡದಿಂದ ನಡೆದು ನೀರಿಗಿಳಿದರೆ ಕೆಲವೇ ನಿಮಿಷಕ್ಕೆ ಅದರ ಮೇಲಿರುತ್ತೀರಿ. ಹವಳ ಬೆಳೆದು ಮೀನಿನ ಪೇಟೆಯಾಗಿದೆಯಂತೆ. ಸಿಲಿಂಡರುಗಳನ್ನು ಊರಿನ ಹೆಂಗಸರು ತಲೆಯ ಮೇಲೆ ಹೊತ್ತು ಆ ಉರುಟು ಕಲ್ಲಿನ ದಂಡೆಯ ಮೇಲೆ ನಡೆದು ತಂದುಕೊಡುತ್ತಾರೆ. ಒಂದೊಂದೂ ಹದಿನೈದು ಕಿಲೋ ಆಸುಪಾಸು. ಈ ಮಾತು ಕೇಳಿ ನಾನು ಹಡಗನ್ನು ಮರೆತೆ. ಮುಳುಗುವವರಿಗೆ ನೀರಲ್ಲಿ ಭಾರ ತಿಳಿಯುವುದಿಲ್ಲ, ಸರಿ. ಹೊರುವವರಿಗೆ ದಂಡೆಯ ಮೇಲೆ ತಿಳಿಯುತ್ತದಲ್ಲ.

“ಬಾಲಿನೇ ಫಿಕ್ಸ್ ಮಾಡು ಮತ್ತೆ.”

“ಸಾಯಂಕಾಲದ ಕಥೆ ಕೇಳಿ ಅಂಕಲ್. ನಮ್ಮ ಕ್ಲೈಂಟು ನ್ಯೂಯಾರ್ಕು. ಚಳಿಗಾಲದಲ್ಲಿ ಅವ್ರ ಬೆಳಿಗ್ಗೆ ಒಂಬತ್ತೂವರೆ ಅಂದ್ರೆ ನಮಗೆ ರಾತ್ರಿ ಎಂಟು, ಬಾಲೀಲಿ ಹತ್ತೂವರೆ. ಮೀಟಿಂಗ್ ಮುಗಿಸಿ ಮಲಗೋದು ಹನ್ನೆರಡಕ್ಕೆ. ಬೆಳಿಗ್ಗೆ ಆರಕ್ಕೆ ಮತ್ತೆ ನೀರಿಗೆ. ನಿದ್ದೆಗೆಟ್ಟು ಮುಳುಗಬಾರದು ಅಂತ ಕೋರ್ಸಲ್ಲೇ ಹೇಳಿದಾರೆ.”

ಅಮೆರಿಕದ ಕ್ಲೈಂಟು ಇರುವವರು ಹಾಗಾದರೆ ಪಶ್ಚಿಮಕ್ಕೆ ಹೋಗಬೇಕು. ಕೆಂಪು ಸಮುದ್ರದ ದಂಡೆಯ ದಹಾಬ್‌ನಲ್ಲಿ, ಚಳಿಗಾಲದ ಲೆಕ್ಕದಲ್ಲಿ, ನಮ್ಮ ಒಂಬತ್ತೂವರೆ ಅಂದರೆ ಬೆಳಗಿನ ಆರು. ಕೋಳಿ ಕೂಗುವ ಹೊತ್ತಿಗೆ ಲಾಗಿನ್ ಆದರೆ ಮಧ್ಯಾಹ್ನ ಎರಡು ಮೂರಕ್ಕೆ ಬೆಂಗಳೂರಿನವರು ಮನೆಗೆ ಹೊರಟಿರುತ್ತಾರೆ. ಅಲ್ಲಿಯೂ ಡೈವಿಂಗು ಹೆಚ್ಚಾಗಿ ದಡದಿಂದಲೇ, ದೋಣಿಗೆ ಕಾಯಬೇಕಿಲ್ಲ. ಒಂದು ಸಲ ಮುಳುಗಿ ಎದ್ದು ಬಂದರೆ ನಾಲ್ಕೂವರೆಗೆ ನ್ಯೂಯಾರ್ಕು. ರಾತ್ರಿ ಎಂಟಕ್ಕೆ ಊಟ ಮುಗಿಸಿ ಮಲಗಬಹುದು. ನನ್ನನ್ನು ಕೇಳಿದರೆ ಮನುಷ್ಯರ ದಿನಚರಿ ಅಂದರೆ ಇದು.

ಆದರೆ ನನ್ನನ್ನು ಯಾರು ಕೇಳುತ್ತಾರೆ? ಕೇಳಬೇಕಾದದ್ದು ಅವಳ ಕಂಪನಿಯ ಎಚ್‌ಆರ್‌ನವರನ್ನು. ಬೇರೆ ದೇಶದಲ್ಲಿ ಕೂತು ಕಂಪನಿಯ ಲ್ಯಾಪ್‌ಟಾಪ್ ತೆರೆದರೆ ತೆರಿಗೆ, ಡೇಟಾ, ಇನ್ನೂ ಏನೇನೋ ತಕರಾರು. ವಿಪಿಎನ್ನು ಎಷ್ಟೋ ಕಡೆ ಗಡಿ ದಾಟಿದ ತಕ್ಷಣ ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ವೀಸಾ. ಟೂರಿಸ್ಟ್ ವೀಸಾದ ಮೇಲೆ ಹೋಗಿ ಕೆಲಸ ಮಾಡುವುದು ಎಲ್ಲ ದೇಶಕ್ಕೂ ಸಮ್ಮತವಲ್ಲ. ಥಾಯ್ಲೆಂಡ್ 2024ರಲ್ಲಿ ಇಂಥವರಿಗೆ ಹೊಂದುವ ಒಂದು ವೀಸಾ ತಂದಿತು, ಒಂದು ಸಲಕ್ಕೆ 180 ದಿನ ಇರಬಹುದು. ಬ್ಯಾಂಕಿನಲ್ಲಿ 5 ಲಕ್ಷ ಬಾತ್ ತೋರಿಸಬೇಕು. ‘ಬಾತ್’ ಅಂದಾಗ ಅವಳ ತಾಯಿ ಹಿತ್ತಲಿನಿಂದ ತಲೆಯೆತ್ತಿ ನೋಡಿದರು. ಬಿಸಿಬೇಳೆಯದಲ್ಲ ಎಂದೆ.

“ಎಚ್‌ಆರ್‌ನವರು ಏನಂದ್ರು?”

“ಇಂಡಿಯಾದೊಳಗೆ ಎಲ್ಲಿ ಬೇಕಾದ್ರೂ ಮುಳುಗಿ ಅಂದ್ರು.”

ಅಲ್ಲಿಗೆ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಹೆಸರು ಒಂದೇ ವಾಕ್ಯಕ್ಕೆ ಹೋದವು. ಲಕ್ಷದ್ವೀಪಕ್ಕೆ ಹೋಗುವುದಕ್ಕೇ ಪರ್ಮಿಟ್ ಬೇಕು. ತಿಂಗಳುಗಟ್ಟಲೆ ಮನೆ ಹಿಡಿದು ಕೂರುವವರಿಗೆ ಅದು ಹೇಳಿದ ಜಾಗವಲ್ಲ. ಉಳಿದದ್ದು ಮುರುಡೇಶ್ವರ ಮತ್ತು ಅಂಡಮಾನ್.

ನಾನು ಮುರುಡೇಶ್ವರದ ಪರ ವಾದಿಸಿದೆ, ಅಭಿಮಾನದಿಂದ. ನೇತ್ರಾಣಿ ಒಂದು ಕಾಲಕ್ಕೆ ನೌಕಾಪಡೆಯವರು ಗುಂಡು ಹೊಡೆದು ಗುರಿ ಅಭ್ಯಾಸ ಮಾಡುತ್ತಿದ್ದ ದ್ವೀಪ. ಕೆಳಗಿನ ಮೀನುಗಳ ತಾಳ್ಮೆ ದೊಡ್ಡದು. ಪುನೀತ್ ರಾಜ್‌ಕುಮಾರ್ ‘ಗಂಧದಗುಡಿ’ಯಲ್ಲಿ ಅಲ್ಲಿ ಮುಳುಗಿದ್ದನ್ನು 2022ರಲ್ಲಿ ತೆರೆಯ ಮೇಲೆ ಕಂಡ ಮೇಲೆ, ಈಜು ಬಾರದವರೂ ಅದರ ಹೆಸರು ಹೇಳತೊಡಗಿದರು. ಇರುವುದು ಮುರುಡೇಶ್ವರದಲ್ಲಿ ಆದ್ದರಿಂದ ಕಡಲ ಕೇಬಲ್ಲಿನ ಚಿಂತೆಯೇ ಇಲ್ಲ, ನೆಲದ ಫೈಬರು. ಬೇಜಾರಾದರೆ ಬಸ್ಸು ಹತ್ತಿ ಮನೆಗೆ ಬರಬಹುದು.

“ದ್ವೀಪ ದಡದಿಂದ ಹತ್ತೊಂಬತ್ತು ಕಿಲೋಮೀಟರ್ ಅಂಕಲ್. ದೋಣೀಲಿ ಹೋಗ್ತಾ ಒಂದು ಗಂಟೆಗೂ ಹೆಚ್ಚು, ಬರ್ತಾ ಅಷ್ಟೇ. ಬುಧವಾರ ಹೋಗ್ತೀನಿ ಅಂದ್ರೆ ಅರ್ಧ ದಿನ ರಜೆ ಹಾಕಬೇಕು. ಅದು ಶನಿವಾರ ಭಾನುವಾರದ್ದು.”

ಒಪ್ಪಬೇಕಾಯಿತು. ಅಂಡಮಾನಿಗಾದರೋ ಅವಳಿಗೂ ಹೊಳೆಯದ ಒಂದು ಅನುಕೂಲ ಇತ್ತು, ಅದನ್ನು ನಾನೇ ಹುಡುಕಿಕೊಟ್ಟೆ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇರೆ. ಹ್ಯಾವ್‌ಲಾಕ್ ಹೆಚ್ಚುಕಡಿಮೆ ಮೈಸೂರಿನ ಅಕ್ಷಾಂಶದಲ್ಲೇ ಇದೆ, ಆದರೆ ಹದಿನಾರು ಡಿಗ್ರಿಯಷ್ಟು ಪೂರ್ವಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ನಮ್ಮ ಚಾಮುಂಡಿಬೆಟ್ಟದ ಮೇಲೆ ಬಿಸಿಲು ಬೀಳುವ ಒಂದು ಗಂಟೆ ಮೊದಲೇ ಅಲ್ಲಿ ಬೆಳಗಾಗಿರುತ್ತದೆ. ಆಫೀಸು ಒಂಬತ್ತೂವರೆಗೇ, ನ್ಯೂಯಾರ್ಕು ಎಂಟಕ್ಕೇ, ಯಾರ ಕ್ಯಾಲೆಂಡರೂ ತಿದ್ದಬೇಕಾಗಿಲ್ಲ. ಅದರೊಳಗೆ ಒಂದು ಗಂಟೆ ಹಗಲು ಪುಕ್ಕಟೆ. ವಾರದ ದಿನಗಳಲ್ಲಿ ಬೆಳಿಗ್ಗೆ ಆರಕ್ಕೆ ದಡದ ಹತ್ತಿರವೇ ಒಂದು ಸಿಲಿಂಡರಿನಷ್ಟು ಮುಳುಗಿ ಎಂಟಕ್ಕೆ ಕೋಣೆ ಸೇರಬಹುದು. ದೋಣಿಯ ಡೈವ್‌ಗಳು ಶನಿವಾರಕ್ಕೆ. ಸಾಯಂಕಾಲದ ಆಸೆ ಬಿಡಬೇಕು. ಐದೂವರೆ ಹೊತ್ತಿಗೆಲ್ಲ ಅಲ್ಲಿ ಕತ್ತಲು ಕವಿಯುತ್ತದೆ, ಅವಳ ಆಫೀಸು ಇನ್ನೂ ಬಿಟ್ಟಿರುವುದಿಲ್ಲ. ಮೇ ತಿಂಗಳೊಳಗೆ ಮುಗಿಸಿ ಬರಬೇಕು ಅಂತಲೂ ಹೇಳಿದೆ. ಮುಂಗಾರು ಕೇರಳಕ್ಕೆ ಕಾಲಿಡುವ ಮೊದಲು ಅಂಡಮಾನಿಗೇ ಬರುವುದು.

ಇನ್ನು ಮನೆ ಗೊತ್ತುಮಾಡುವ ವಿಚಾರ. ‘ವೈಫೈ ಇದೆಯಾ’ ಎಂದು ಕೇಳಿದರೆ ಯಾವ ಹೋಮ್‌ಸ್ಟೇಯವರೂ ಇಲ್ಲ ಎನ್ನುವುದಿಲ್ಲ. ರಾತ್ರಿ ಎಂಟಕ್ಕೆ, ಊರವರೆಲ್ಲ ಫೋನು ಹಿಡಿದು ಕೂತ ಹೊತ್ತಲ್ಲಿ, ಅವರ ಕೈಲಿ ಒಂದು ವಿಡಿಯೋ ಕಾಲ್ ಮಾಡಿಸು ಎಂದೆ. ರಿಸೆಪ್ಷನ್ನಿನಿಂದಲ್ಲ, ನೀನು ಕೂರುವ ಕೋಣೆಯಿಂದ. ನಿನ್ನ ಮಾತು ಅವರಿಗೆ ಕೇಳಿಸುವುದು ಮುಖ್ಯವಲ್ಲ, ಅವರ ಮಾತು ಮುರಿಯದೆ ನಿನಗೆ ಬರುತ್ತದೆಯೇ ನೋಡು. ಡೌನ್‌ಲೋಡ್ ಎಲ್ಲರೂ ಹೇಳುತ್ತಾರೆ, ಅಪ್‌ಲೋಡ್ ಯಾರೂ ಹೇಳುವುದಿಲ್ಲ. ರೌಟರಿಗೆ ಯುಪಿಎಸ್ ಇದೆಯೇ, ಆ ಕೋಣೆಯೊಳಗೆ ಯಾವ ಸಿಮ್ಮು ಹಿಡಿಯುತ್ತದೆ, ಇವೂ ಆಗಲೇ ಕೇಳಬೇಕಾದವು.

“ಡೈವಿಂಗಿನವರನ್ನು ನಾನು ಕೇಳಬೇಕಾದ್ದು ಬೇರೆ ಇದೆ” ಎಂದಳು. ರಿಕಂಪ್ರೆಷನ್ ಚೇಂಬರ್ ಎಷ್ಟು ದೂರ ಎಂಬುದು ಮೊದಲನೆಯದು. ಆಳದಲ್ಲಿ ಒತ್ತಡಕ್ಕೆ ಸಾರಜನಕ ರಕ್ತದಲ್ಲಿ ಕರಗಿ ಕೂತಿರುತ್ತದೆ, ಅವಸರದಲ್ಲಿ ಮೇಲೆ ಬಂದರೆ ಗುಳ್ಳೆಯಾಗಿ ಕಾಡುತ್ತದೆ. ಆಗ ಬೇಕಾಗುವುದು ಆ ಚೇಂಬರು. ದಿನವೂ ಮುಳುಗುವವರು ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತುವಂತಿಲ್ಲ ಎಂಬ ನಿಯಮವೂ ಇದಕ್ಕೇ.

“ಅಂದ್ರೆ ಮ್ಯಾನೇಜರು ನಾಳೆ ಬೆಳಿಗ್ಗೆ ಆಫೀಸಿಗೆ ಬಾ ಅಂದ್ರೆ?”

“ಮೈಯಲ್ಲಿ ಸಾರಜನಕ ಇದೆ ಅಂತ ಮೇಲ್ ಹಾಕೋದು.”

ಸರ್ಕಾರಿ ನೌಕರಿಯಲ್ಲಿ ಜ್ವರ, ಸೊಂಟನೋವು, ಅಜ್ಜಿಯ ವೈಕುಂಠ ಸಮಾರಾಧನೆ ಎಲ್ಲ ಕೇಳಿದ್ದೆ. ಇಂಥ ಗಟ್ಟಿ ಕಾರಣ ನಮ್ಮ ಯಾರ ತಲೆಗೂ ಬಂದಿರಲಿಲ್ಲ.

ಅಷ್ಟರಲ್ಲಿ ಅವಳ ತಾಯಿ ಕರಿಬೇವು ಮುರಿದುಕೊಂಡು ಗೋಡೆಯ ಹತ್ತಿರ ಬಂದರು. “ಅಲ್ಲ ಸಾರ್, ಇವಳು ಒಂದು ತಿಂಗಳು ಅಲ್ಲಿರ್ತಾಳೆ, ಸರಿ. ಇಲ್ಲಿ ಮಹಡಿ ಮೇಲಿನ ವೈಫೈಗೆ ಯಾಕೆ ದುಡ್ಡು ಕಟ್ಟಬೇಕು?”

ನಮ್ಮ ಕಾಲದಲ್ಲಿ ಊರಿಗೆ ಹೋಗುವವರು ಟೆಲಿಫೋನನ್ನು ಇಲಾಖೆಯ ಸೇಫ್ ಕಸ್ಟಡಿಗೆ ಒಪ್ಪಿಸಿ ಹೋಗಬಹುದಾಗಿತ್ತು. ಅದಕ್ಕೊಂದು ಅರ್ಜಿ, ಅರ್ಜಿಗೊಂದು ಕ್ರಮ. ಅದನ್ನು ಮೊದಲಿನಿಂದ ವಿವರಿಸೋಣವೆಂದು ಗಂಟಲು ಸರಿಮಾಡಿಕೊಂಡೆ. ಹುಡುಗಿಗೆ ಥಟ್ಟನೆ ಮೀಟಿಂಗು ನೆನಪಾಯಿತು. ತಾಯಿಗೆ ಒಲೆಯ ಮೇಲಿನ ಹಾಲು.